ಕಲಿಸುವವರು ಕಲಿಯುತ್ತಿದ್ದರೆ ಕಾಲೇಜು ಕಳೆಕಟ್ಟೀತು

ಬೆಳಗಿನ ಬಸ್ಸುಗಳಲ್ಲಿ ತಿಕೋಟಾ, ಬಬಲೇಶ್ವರದ ಕಡೆಯಿಂದ ವಿಜಯಪುರಕ್ಕೆ ಬರುವ ವಿದ್ಯಾರ್ಥಿಗಳು ಒಬ್ಬಿಬ್ಬರಲ್ಲ. ಬುತ್ತಿಯಲ್ಲಿ ಜೋಳದ ರೊಟ್ಟಿ, ಜೇಬಿನಲ್ಲಿ ಬಸ್ ಪಾಸು. ಫೀ ಕಟ್ಟಿದ್ದು ದ್ರಾಕ್ಷಿ ತೋಟದ ದುಡ್ಡೋ, ಕೈಗಡವೋ! ಇಷ್ಟು ಪಾಡು ಪಟ್ಟು ಬಂದವರಿಗೆ ತರಗತಿಯಲ್ಲಿ ಹತ್ತು ವರ್ಷದ ಹಳೆಯ ನೋಟ್ಸನ್ನೇ ಬರೆಸಿದರೆ ಏನು ಬಂತು?

ಉಪನ್ಯಾಸಕರ ಪಾಠ ಕಳೆಗುಂದುವುದಕ್ಕೆ ಅವರ ಸೋಮಾರಿತನವೊಂದೇ ಕಾರಣವಲ್ಲ. ಅವರಿಗೆ ಸಿಗುವ ತರಬೇತಿ ಮತ್ತು ಅವರ ಮೇಲಿರುವ ಪ್ರಾಂಶುಪಾಲರ ಧೋರಣೆ, ಇವೆರಡೂ ಅಷ್ಟೇ ಮುಖ್ಯ.

ಗುರುವಿಗೂ ಪಾಠ

ಶಾಲೆಯ ಮಾಸ್ತರರು ಕಲಿಸುವ ವಿಧಾನವನ್ನು ಬಿ.ಇಡಿ.ಯಲ್ಲಿ ಕಲಿತು ಬಂದಿರುತ್ತಾರೆ. ಪದವಿ ಕಾಲೇಜಿನ ಉಪನ್ಯಾಸಕರಿಗೆ ಅದು ಬೇಕಿಲ್ಲ. ಸ್ನಾತಕೋತ್ತರ ಪದವಿಯ ಜೊತೆಗೆ ನೆಟ್, ಸ್ಲೆಟ್ ಅಥವಾ ಪಿಎಚ್.ಡಿ. ಇರಬೇಕು. ವಿಷಯ ಬಲ್ಲವರೆಲ್ಲ ಕಲಿಸಬಲ್ಲರೆ? ಈ ಕೊರತೆ ನೀಗಲೆಂದೇ 1986ರ ರಾಷ್ಟ್ರೀಯ ಶಿಕ್ಷಣ ನೀತಿಯ ಬಳಿಕ ಯು.ಜಿ.ಸಿ. ಅಕಾಡೆಮಿಕ್ ಸ್ಟಾಫ್ ಕಾಲೇಜುಗಳನ್ನು ತೆರೆಯಿತು. 2023ರಲ್ಲಿ ಅವು ಮಾಳವೀಯ ಮಿಷನ್ ತರಬೇತಿ ಕೇಂದ್ರಗಳೆನಿಸಿದವು. 2017ರಲ್ಲಿ ಬಂದ 'ಸ್ವಯಂ' ಜಾಲತಾಣದಿಂದಾಗಿ ವಿಜಯಪುರದಲ್ಲಿ ಕುಳಿತೇ ಕಲಿಯಬಹುದು. ಬಡ್ತಿಗೂ ಇಂಥ ತರಬೇತಿ ಬೇಕು. ಆದರೆ ಪ್ರಮಾಣಪತ್ರಕ್ಕಾಗಿಯೇ ಹೋದವರು ತರುವುದು ಪ್ರಮಾಣಪತ್ರ ಮಾತ್ರ!

ಮುಂದಾಳಿನ ಪಾಲು

ಭೌತಶಾಸ್ತ್ರದ ಉಪನ್ಯಾಸಕರೊಬ್ಬರು ತರಬೇತಿ ಮುಗಿಸಿ ಬಂದರೆನ್ನಿ. ಲೋಲಕದ ಸೂತ್ರ ಬರೆಸುವ ಬದಲು, ದಾರಕ್ಕೆ ಕಲ್ಲು ಕಟ್ಟಿ ವಿದ್ಯಾರ್ಥಿಗಳಿಂದಲೇ ಅಳೆಸುವ ಆಸೆ ಅವರದು. ಪ್ರಾಂಶುಪಾಲರು "ಸಿಲಬಸ್ ಮುಗೀತೇನ್ರಿ?" ಎಂದಷ್ಟೇ ಕೇಳಿದರೆ ಆ ಆಸೆ ಅಲ್ಲಿಗೇ ಕಮರುತ್ತದೆ. ವೇಳಾಪಟ್ಟಿ ಸಡಿಲಿಸಿ, ತಾವೂ ಹಿಂದಿನ ಬೆಂಚಿನಲ್ಲಿ ಕುಳಿತು ನೋಡಿದರೆ, ಪಕ್ಕದ ವಿಭಾಗದವರಿಗೂ ಹುರುಪು ಬರುತ್ತದೆ. ಸಾವಿರಾರು ಅತಿಥಿ ಉಪನ್ಯಾಸಕರ ಪಾಡು ಇನ್ನೂ ಕಷ್ಟ. ಮುಂದಿನ ವರ್ಷ ಕೆಲಸ ಇದೆಯೋ ಇಲ್ಲವೋ ಎಂಬವರಿಗೆ ಬಡ್ತಿಯೆಲ್ಲಿ? ಅವರನ್ನೂ ತರಬೇತಿಗೆ ಸೇರಿಸಿಕೊಳ್ಳುವ ಮನಸ್ಸು ಮುಂದಾಳಿಗಿರಬೇಕು.

ಇಂಥ ಮುಂದಾಳಿಗೆ ಮಾದರಿ ಹುಡುಕಲು ವಿಜಯಪುರದವರು ದೂರ ಹೋಗಬೇಕಿಲ್ಲ. 1910ರಲ್ಲಿ ಬಿ.ಎಲ್.ಡಿ.ಇ. ಸಂಸ್ಥೆಗೆ ಅಡಿಪಾಯ ಹಾಕಿದ ಫ.ಗು. ಹಳಕಟ್ಟಿಯವರು ವೃತ್ತಿಯಿಂದ ವಕೀಲರು. ಸಂಸ್ಥೆ ಕಟ್ಟಿದೆನೆಂದು ಓದು ನಿಲ್ಲಿಸಲಿಲ್ಲ; ತಾಳೆಗರಿ ಸಂಗ್ರಹಿಸಿ ವಚನಗಳನ್ನು ಅಚ್ಚು ಹಾಕಿಸಿದರು, 1926ರಲ್ಲಿ 'ಶಿವಾನುಭವ' ಪತ್ರಿಕೆ ಹೊರಡಿಸಿದರು. ತಾನು ಕಲಿಯುತ್ತಲೇ ಇದ್ದ ಮುಂದಾಳು ಅವರು. 2003ರಲ್ಲಿ ಆರಂಭವಾದ, ಇಂದು ಅಕ್ಕಮಹಾದೇವಿಯ ಹೆಸರು ಹೊತ್ತ ಮಹಿಳಾ ವಿಶ್ವವಿದ್ಯಾಲಯವೂ ಇದೇ ಊರಿನ ತೊರವಿಯ ಬಳಿ ಇದೆ.

ಪಾಲಕರು ಕೇಳಬೇಕಾದ್ದು

ಪ್ರವೇಶದ ದಿನ ಪಾಲಕರು ಫೀ ಎಷ್ಟು, ಹಾಸ್ಟೆಲ್ ಇದೆಯೇ ಎಂದು ಕೇಳುತ್ತಾರೆ. ಇನ್ನೆರಡು ಪ್ರಶ್ನೆ ಸೇರಿಸಲಿ: ಈ ವರ್ಷ ಇಲ್ಲಿನ ಉಪನ್ಯಾಸಕರು ಹೊಸದಾಗಿ ಏನು ಕಲಿತರು? ಅದು ತರಗತಿಗೆ ಬಂತೆ? ವಿದ್ಯಾರ್ಥಿಗಳೂ ತಮ್ಮ ಅನಿಸಿಕೆಯ ಫಾರ್ಮನ್ನು ಕಾಟಾಚಾರಕ್ಕೆ ತುಂಬದೆ ನಿಜ ಬರೆಯಲಿ. ಕೇಳುವವರಿದ್ದಾರೆಂದು ಗೊತ್ತಾದರೆ, ಕಲಿಸುವವರೂ ಪುಸ್ತಕ ತೆರೆಯುತ್ತಾರೆ.