ಸ್ತರ ಸಿಕ್ಕ ಮೇಲೆ ಗಣಿಯಾಗಲು ಎಷ್ಟು ವರ್ಷ?

ತೆಲಂಗಾಣದ ಯೆಲ್ಲಂದು ಸೀಮೆಯಲ್ಲಿ ಒಂದು ಕಥೆ ಹೇಳುತ್ತಾರೆ. ಭದ್ರಾಚಲದ ರಾಮನ ದರ್ಶನಕ್ಕೆ ಹೊರಟ ಭಕ್ತರು ದಾರಿಯಲ್ಲಿ ಕಪ್ಪು ಕಲ್ಲಿಟ್ಟು ಒಲೆ ಹೂಡಿದರಂತೆ, ಕಲ್ಲೇ ಹೊತ್ತಿಕೊಂಡಿತಂತೆ. ಕಥೆ ಹಾಗಿರಲಿ, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯ ಡಾ. ವಿಲಿಯಂ ಕಿಂಗ್ ಇಲ್ಲಿ ಕಲ್ಲಿದ್ದಲು ಗುರುತಿಸಿದ್ದು 1871ರಲ್ಲಿ. ಅಗೆತ ಶುರುವಾದದ್ದು 1889ರಲ್ಲಿ.

ನಡುವೆ 18 ವರ್ಷ ಕಳೆದದ್ದೇಕೆ? ಕಲ್ಲಿದ್ದಲು ತೂಕದ ಸರಕು, ಬೆಲೆ ಕಡಿಮೆ. ಎತ್ತಿನ ಗಾಡಿಯಲ್ಲಿ ದೂರ ಸಾಗಿಸಿದರೆ ಬಾಡಿಗೆಯೇ ಮಾಲನ್ನು ನುಂಗುತ್ತದೆ. ಇದಕ್ಕೆ ರೈಲೇ ಬೇಕು. ಇಂದು ಕಲಬುರಗಿ ಜಿಲ್ಲೆಯಲ್ಲಿರುವ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲಿ ನಿಜಾಮರ ರೈಲು ಓಡಿತು. ಆ ಹಳಿ ಮುಂದೆ ಪೂರ್ವಕ್ಕೆ ಬೆಳೆದು, ಡೋರ್ನಕಲ್‌ನಿಂದ ಯೆಲ್ಲಂದಿಗೆ ಕವಲೊಡೆಯಿತು. 1886ರಲ್ಲಿ ಇಂಗ್ಲೆಂಡಿನಲ್ಲಿ ನೋಂದಣಿಯಾದ ಹೈದರಾಬಾದ್ (ಡೆಕ್ಕನ್) ಕಂಪನಿ ಗಣಿ ಹಕ್ಕು ಪಡೆಯಿತು. ಅದರ ಉತ್ತರಾಧಿಕಾರಿಯೇ ಇಂದಿನ ಸಿಂಗರೇಣಿ ಕಾಲರೀಸ್. ಈಗ ಅದರಲ್ಲಿ ತೆಲಂಗಾಣ ಸರ್ಕಾರದ ಪಾಲು ಶೇ 51, ಕೇಂದ್ರದ್ದು ಶೇ 49.

ಕಲ್ಲಿದ್ದಲಿನ ಸ್ತರ ಸಿಕ್ಕಿತು ಎಂದರೆ ಮೊದಲು ಬರುವುದು ಡ್ರಿಲ್ಲಿಂಗ್ ರಿಗ್. ನೆಲದಾಳದಿಂದ ಉದ್ದುದ್ದ ಕಲ್ಲಿನ ಕೋಲುಗಳನ್ನು ಹೊರತೆಗೆದು, ಮರದ ಪೆಟ್ಟಿಗೆಗಳ ಅಂಕಣಗಳಲ್ಲಿ ಆಳದ ಗುರುತು ಬರೆದು ಜೋಡಿಸುತ್ತಾರೆ. ಮರಳುಗಲ್ಲು, ಜೇಡಿಪದರ, ಆಮೇಲೆ ಕಪ್ಪು. ಎಷ್ಟು ದಪ್ಪ, ಯಾವ ಕಡೆ ಇಳಿಜಾರು, ಬೂದಿ ಎಷ್ಟು, ಸ್ತರ ಎಲ್ಲಿ ತುಂಡಾಗಿ ಜಾರಿದೆ ಎಂಬುದನ್ನೆಲ್ಲ ಹತ್ತಾರು ರಂಧ್ರಗಳಿಂದ ಕೂಡಿಸಿ ನಕ್ಷೆ ಮಾಡಬೇಕು. ಮೇಲ್ಮಟ್ಟದಲ್ಲಿದ್ದರೆ ತೆರೆದ ಗಣಿ: ಮೇಲಿನ ಮಣ್ಣು–ಕಲ್ಲು ಪೂರ್ತಿ ತೆಗೆದು ಬೇರೆಡೆ ರಾಶಿ ಹಾಕುವುದು. ಆಳದಲ್ಲಿದ್ದರೆ ಸುರಂಗ.

ಸುರಂಗಕ್ಕೆ ದಾರಿ ಒಂದಿದ್ದರೆ ಸಾಲದು. ಕನಿಷ್ಠ ಎರಡು ಇರಲೇಬೇಕು ಎನ್ನುತ್ತದೆ ನಿಯಮ. ಒಂದರಿಂದ ಗಾಳಿ ಒಳಗೆ ಹೋಗುತ್ತದೆ, ಇನ್ನೊಂದರ ಬಾಯಲ್ಲಿ ಕೂತ ದೊಡ್ಡ ಫ್ಯಾನು ಅದನ್ನು ಹೊರಗೆಳೆಯುತ್ತದೆ. ಸ್ತರದಲ್ಲಿ ಸಿಕ್ಕಿಕೊಂಡಿರುವ ಮೀಥೇನ್ ಗಾಳಿಯಲ್ಲಿ ಶೇ 5ರಿಂದ 15ರಷ್ಟು ಬೆರೆತರೆ ಕಿಡಿಯೊಂದೇ ಸಾಕು. ಹಿಂದೆ ಸುರಕ್ಷಾ ದೀಪದ ಉರಿ ತಗ್ಗಿಸಿ, ಅದರ ನೆತ್ತಿಯಲ್ಲಿ ನೀಲಿ ಟೋಪಿ ಮೂಡಿದೆಯೇ ಎಂದು ನೋಡಿ ಅನಿಲದ ಪ್ರಮಾಣ ಅಂದಾಜಿಸುತ್ತಿದ್ದರು. ಈಗ ಆ ಕೆಲಸಕ್ಕೆ ಎಲೆಕ್ಟ್ರಾನಿಕ್ ಮಾಪಕಗಳಿವೆ. ಚಾವಣಿ ಪರೀಕ್ಷೆಗೆ ಮಾತ್ರ ಹಳೆಯ ಕೋಲೇ. ತಟ್ಟಿದಾಗ ಖಣಖಣ ಎಂದರೆ ಬಂಡೆ ಗಟ್ಟಿ. ಸದ್ದು ಟೊಳ್ಳಾದರೆ ಪದರ ಬಿಟ್ಟುಕೊಂಡಿದೆ ಎಂದರ್ಥ, ಆಸರೆ ಕೊಡುವತನಕ ಯಾರೂ ಅಡಿಗೆ ಹೋಗುವಂತಿಲ್ಲ. ಸ್ತರವನ್ನು ಪೂರ್ತಿ ತೆಗೆಯದೆ, ಕಲ್ಲಿದ್ದಲಿನದೇ ಕಂಬಗಳನ್ನು ಬಿಟ್ಟುಕೊಂಡು ಸಾಗುವ ಪದ್ಧತಿ ನಮ್ಮ ದೇಶದಲ್ಲಿ ಬಹುಕಾಲದಿಂದ ಇದೆ.

ನೀರಿನ ಭಯ ಬೇರೆ. 1975ರ ಡಿಸೆಂಬರ್ 27ರಂದು ಧನಬಾದ್ ಬಳಿಯ ಚಾಸ್ನಾಲಾ ಗಣಿಗೆ, ಹಳೆಯ ಗಣಿಜಾಗದಲ್ಲಿ ತುಂಬಿ ನಿಂತಿದ್ದ ನೀರು ನುಗ್ಗಿ ಮುನ್ನೂರೈವತ್ತಕ್ಕೂ ಹೆಚ್ಚು ಕಾರ್ಮಿಕರು ಸತ್ತರು. ಹೊಸ ಗಣಿಯ ಯೋಜನೆಯಲ್ಲಿ ಅಕ್ಕಪಕ್ಕದ ಹಳೆಯ ಗಣಿಗಳ ನಕ್ಷೆ ಏಕೆ ಮುಖ್ಯ ಎಂದು ಕೇಳುವವರಿಗೆ ಈ ಒಂದು ಹೆಸರು ಸಾಕು.

ಇಂದು ರೈಲಿಗಿಂತ ಹೆಚ್ಚು ಕಾಲ ಹಿಡಿಯುವುದು ನೆಲ ಮತ್ತು ಅನುಮತಿ. ಒಡಿಶಾದ ಅಂಗುಲ್ ಜಿಲ್ಲೆಯ ನೈನಿ ಬ್ಲಾಕ್ ಸಿಂಗರೇಣಿಗೆ ಹಂಚಿಕೆಯಾದದ್ದು 2015ರಲ್ಲಿ. ಅಲ್ಲಿ ಕಲ್ಲಿದ್ದಲು ತೆಗೆಯತೊಡಗಿದ್ದು 2025ರ ಏಪ್ರಿಲ್‌ನಲ್ಲಿ. ತೆಲಂಗಾಣದ ಹೊರಗೆ ಕಂಪನಿಯ ಮೊದಲ ಗಣಿ ಅದು. ಅರಣ್ಯ ಅನುಮತಿ, ಪರಿಸರ ಅನುಮತಿ, ಸಾರ್ವಜನಿಕ ಅಹವಾಲು, ಭೂಸ್ವಾಧೀನ, ಪುನರ್ವಸತಿ ಎಲ್ಲವೂ ಮುಗಿಯಬೇಕು. ಇದನ್ನೆಲ್ಲ ಬರೀ ಕಡತದ ವಿಳಂಬ ಎಂದು ಬಗೆಯುವುದು ತಪ್ಪು. ಒಂದು ಟೇಬಲ್ಲಿನಿಂದ ಇನ್ನೊಂದಕ್ಕೆ ಅಲೆಯುವ ಕಾಲವನ್ನು ಖಂಡಿತ ಕಡಿತ ಮಾಡಲಿ. ಕಾಡು ಕಡಿಯುವ ಮುಂಚೆ, ಮನೆ ಬಿಡಿಸುವ ಮುಂಚೆ ಅಲ್ಲಿಯವರ ಮಾತು ಕೇಳುವ ದಿನಗಳಿಗೆ ಕತ್ತರಿ ಹಾಕಬಾರದು.

ಕರ್ನಾಟಕದ ನೆಲದಲ್ಲಿ ಕಲ್ಲಿದ್ದಲಿಲ್ಲ. ಆದರೆ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಸ್ಥಾವರಕ್ಕೆ ಸಿಂಗರೇಣಿಯ ರೇಕುಗಳು ಬರುತ್ತವೆ. ಅಲ್ಲಿನ ಎಂಟು ಘಟಕಗಳ ಒಟ್ಟು ಸಾಮರ್ಥ್ಯ 1,720 ಮೆಗಾವಾಟ್.