ಅಂಗಳದ ಗಿಡಕ್ಕೂ ಒಂದು ಕಾನೂನು

ಮನೆ ನಮ್ಮದು. ಅಂಗಳ ನಮ್ಮದು. ಅಲ್ಲಿ ತುಳಸಿ ನೆಡಬೇಕೋ, ದಾಸವಾಳ ನೆಡಬೇಕೋ ಎಂದು ಹೇಳುವವರು ಯಾರು? ನಾವೇ ಅಲ್ವಾ? ಅಮೆರಿಕದಲ್ಲಿ ಎಲ್ಲ ಕಡೆ ಹಾಗಿಲ್ಲ. ನಮ್ಮ ಊರುಗಳ ಎಷ್ಟೋ ಮಕ್ಕಳು ಈಗ ಅಲ್ಲಿ ಮನೆ ಮಾಡಿದ್ದಾರೆ. ಹಾಗಾಗಿ ಈ ವಿಷಯ ನಮಗೂ ತಿಳಿದಿರಲಿ.

ಅಲ್ಲಿ ಬಡಾವಣೆಗೊಂದು ಮನೆಮಾಲೀಕರ ಸಂಘ ಇರುವುದು ಸಾಮಾನ್ಯ. ಇದು ಸರಕಾರ ಅಲ್ಲ. ನಮ್ಮ ಪಂಚಾಯತಿನ ಹಾಗೆಯೂ ಅಲ್ಲ. ಬಡಾವಣೆ ಕಟ್ಟುವಾಗಲೇ ನಿಯಮ ಬರೆದಿಡುತ್ತಾರೆ. ಅಲ್ಲಿ ಮನೆ ಕೊಂಡವರು ಆ ನಿಯಮಕ್ಕೆ ಒಪ್ಪಿದಂತೆ. ಪ್ರತಿ ಮನೆಯವರೂ ಸಂಘಕ್ಕೆ ಹಣ ಕಟ್ಟಬೇಕು. ಗೋಡೆಯ ಬಣ್ಣ, ಬೇಲಿಯ ಎತ್ತರ, ಅಂಗಳದ ಹುಲ್ಲು, ಎಲ್ಲದಕ್ಕೂ ನಿಯಮ ಉಂಟು. ಮುರಿದರೆ ದಂಡ. ಕಟ್ಟದೆ ಬಿಟ್ಟ ಬಾಕಿಗಾಗಿ ಎಷ್ಟೋ ರಾಜ್ಯಗಳಲ್ಲಿ ಮನೆಯ ಮೇಲೆಯೇ ಹಕ್ಕು ಹೂಡಬಹುದು. ಇಂಥ ಸಂಘಗಳ ಕೆಳಗೆ 7 ಕೋಟಿಗೂ ಹೆಚ್ಚು ಜನ ವಾಸ ಮಾಡುತ್ತಾರೆ.

ಅಲ್ಲಿಯವರಿಗೆ ಚಂದದ ಅಂಗಳ ಅಂದ್ರೆ ಕತ್ತರಿಸಿದ ಹಸಿರು ಹುಲ್ಲು. ಅದಕ್ಕೆ ಲಾನ್ ಅಂತಾರೆ. ದೇಶದಲ್ಲಿರುವ ಲಾನ್ ಎಲ್ಲ ಸೇರಿಸಿದರೆ ಸುಮಾರು 1 ಲಕ್ಷ 60 ಸಾವಿರ ಚದರ ಕಿಲೋಮೀಟರ್ ಆಗುತ್ತದೆಂದು 2005ರಲ್ಲಿ ವಿಜ್ಞಾನಿಗಳು ಅಂದಾಜು ಮಾಡಿದರು. ಇಡೀ ಕರ್ನಾಟಕಕ್ಕಿಂತ ಸ್ವಲ್ಪ ಕಮ್ಮಿ ಅಷ್ಟೇ! ತಿನ್ನಲಿಕ್ಕೆ ಬಾರದ ಬೆಳೆ. ದನಕ್ಕೂ ಹಾಕುವುದಿಲ್ಲ. ಆದರೂ ನೀರು ಬೇಕು, ಗೊಬ್ಬರ ಬೇಕು, ಕಳೆ ಕೊಲ್ಲುವ ಔಷಧಿ ಬೇಕು. ಮಳೆ ಬಂದಾಗ ಆ ಗೊಬ್ಬರ ಹೊಳೆಗೆ ಹರಿದುಹೋಗುತ್ತದೆ.

ಇದು ಬೇಡ ಎಂದು ಕೆಲವರು ಆಯಾ ಊರಿನ ನಾಡಗಿಡಗಳನ್ನೇ ನೆಡತೊಡಗಿದರು. ನಾಡಗಿಡ ಅಂದ್ರೆ ಆ ಮಣ್ಣಿನಲ್ಲಿ ಹಿಂದಿನಿಂದ ತಾನಾಗಿ ಬೆಳೆದ ಗಿಡ. ಬೇರೂರಿದ ಮೇಲೆ ಅದಕ್ಕೆ ಆರೈಕೆ ಕಮ್ಮಿ ಸಾಕು. ಜೇನು, ಚಿಟ್ಟೆ, ಹಕ್ಕಿ ಅದನ್ನೇ ನಂಬಿ ಬದುಕುತ್ತವೆ. ಮೊನಾರ್ಕ್ ಎಂಬ ಕಿತ್ತಳೆ ಬಣ್ಣದ ಚಿಟ್ಟೆ ಅಲ್ಲಿ ಉಂಟು. ಅದರ ಮರಿಹುಳ ತಿನ್ನುವುದು ಮಿಲ್ಕ್‌ವೀಡ್ ಎಂಬ ಗಿಡದ ಎಲೆ ಮಾತ್ರ. ಆ ಗಿಡ ಇಲ್ಲದಿದ್ದರೆ ಆ ಚಿಟ್ಟೆಯೂ ಇಲ್ಲ. ಮಿಲ್ಕ್‌ವೀಡ್ ನಮ್ಮ ಎಕ್ಕದ ಗಿಡದ ಸಂಬಂಧಿ. ಮುರಿದರೆ ಹಾಗೇ ಬಿಳಿ ಹಾಲು ಬರುತ್ತದೆ. ನಮ್ಮಲ್ಲಿಯೂ ಎಕ್ಕದ ಎಲೆ ಮೇಲೆ ಮೊನಾರ್ಕಿನ ಜಾತಿಯದೇ ಒಂದು ಕಿತ್ತಳೆ ಚಿಟ್ಟೆ ಮೊಟ್ಟೆ ಇಡುತ್ತದೆ. ಗಮನಿಸಿ ನೋಡಿ.

ಆದರೆ ಹುಲ್ಲೇ ಚಂದ ಅನ್ನುವವರ ಕಣ್ಣಿಗೆ ಇಂಥ ಅಂಗಳ ಕಾಡಿನ ಹಾಗೆ ಕಾಣುತ್ತದೆ. ಮೇರಿಲ್ಯಾಂಡ್ ರಾಜ್ಯದ ಕೊಲಂಬಿಯಾ ಊರಿನಲ್ಲಿ ಹಾಗೇ ಆಯಿತು. ಅಲ್ಲಿ ಗಂಡಹೆಂಡತಿ ಇಬ್ಬರು ಅಂಗಳದ ತುಂಬಾ ನಾಡಗಿಡ ಬೆಳೆಸಿದ್ದರು. ನೆರೆಮನೆಯವರು ದೂರು ಕೊಟ್ಟರು. 2017ರಲ್ಲಿ ಸಂಘದ ವಕೀಲರ ಪತ್ರ ಬಂತು. ಗಿಡ ತೆಗೆಯಿರಿ, ಹುಲ್ಲು ಹಾಕಿ ಎಂದು ಅದರಲ್ಲಿತ್ತು. ಅವರು ಒಪ್ಪಲಿಲ್ಲ. ವಕೀಲರನ್ನು ಹಿಡಿದರು, ಕೋರ್ಟಿಗೂ ಹೋದರು. ಕೈಯಿಂದ ಬಹಳ ಹಣ ಹೋಯಿತು. 2020ರ ಡಿಸೆಂಬರಿನಲ್ಲಿ ರಾಜಿ ಆಯಿತು. ತೋಟದ ಹೆಚ್ಚಿನ ಪಾಲು ಉಳಿಯಿತು. ದಾರಿಯ ಅಂಚಿನಲ್ಲಿ, ನೆರೆಯವರ ಗಡಿಯಲ್ಲಿ ಮಾತ್ರ ಗಿಡ್ಡ ಗಿಡ ಹಾಕಬೇಕಾಯಿತು. ನನಗನಿಸುತ್ತದೆ, ಅದು ನ್ಯಾಯವೇ. ನೆರೆಯವರೂ ಮನುಷ್ಯರಲ್ವಾ?

ಇದರಿಂದ ಆ ರಾಜ್ಯದ ಎಲ್ಲರಿಗೂ ಉಪಕಾರ ಆಯಿತು. ಶಾಸಕಿ ಟೆರಿ ಹಿಲ್ ಒಂದು ಮಸೂದೆ ತಂದರು. 2021ರ ಅಕ್ಟೋಬರ್ 1ರಿಂದ ಅದು ಕಾನೂನು. ನಾಡಗಿಡದ ತೋಟ, ಜೇನು-ಚಿಟ್ಟೆಗೆ ಬೇಕಾದ ಹೂತೋಟ, ಮಳೆನೀರು ಇಂಗಿಸುವ ತೋಟ, ಕಮ್ಮಿ ನೀರಿನ ತೋಟ, ಇವಕ್ಕೆ ಸಂಘ ಅನ್ಯಾಯದ ಅಡ್ಡಿ ಮಾಡುವ ಹಾಗಿಲ್ಲ. ಹುಲ್ಲೇ ಹಾಕಬೇಕು ಎಂಬ ಒತ್ತಾಯ ಮಾಡುವಂತಿಲ್ಲ. ಖರ್ಚು ತುಂಬಾ ಏರಿಸುವ ಷರತ್ತನ್ನೂ ಹಾಕುವಂತಿಲ್ಲ.

ಹಾಗೆಂದು ಹೇಗೆ ಬೇಕಾದರೂ ಬಿಡಬಹುದು ಎಂದಲ್ಲ. ಜಾಗ ನಿಮ್ಮದಾಗಿರಬೇಕು, ಅಥವಾ ನೀವು ಮಾತ್ರ ಬಳಸುವ ಹಕ್ಕು ಇರಬೇಕು. ತೋಟವನ್ನು ನಿಯಮಿತವಾಗಿ ನೋಡಿಕೊಳ್ಳುತ್ತಿರಬೇಕು. ಪಾಳು ಬಿಟ್ಟ ಅಂಗಳಕ್ಕೆ ಈ ಕಾನೂನಿನ ರಕ್ಷಣೆ ಸಿಗುವುದಿಲ್ಲ.

ಬೇರೆ ರಾಜ್ಯಗಳ ಕತೆ ಬೇರೆ ಬೇರೆ. ಫ್ಲಾರಿಡಾದಲ್ಲಿ 2009ರಿಂದ, ಟೆಕ್ಸಾಸಿನಲ್ಲಿ 2013ರಿಂದ ನೀರು ಉಳಿಸುವ ತೋಟಗಳಿಗೆ ರಕ್ಷಣೆ ಉಂಟು. ಆದರೆ ಟೆಕ್ಸಾಸಿನಲ್ಲಿ ತೋಟದ ನಕ್ಷೆಯನ್ನು ಮೊದಲೇ ತೋರಿಸಿ ಎಂದು ಸಂಘ ಕೇಳಬಹುದು. ಇಲಿನಾಯ್ ರಾಜ್ಯ 2024ರಲ್ಲಿ ನಾಡಗಿಡಗಳಿಗಾಗಿಯೇ ಒಂದು ಕಾನೂನು ಮಾಡಿತು. ಇನ್ನೂ ಅನೇಕ ರಾಜ್ಯಗಳಲ್ಲಿ ಇಂಥದ್ದೇನೂ ಇಲ್ಲ. ಅಲ್ಲಿ ಸಂಘದ ಪುಸ್ತಕವೇ ಕಾನೂನು ಎಂಬ ಸ್ಥಿತಿ.

ನಿಮ್ಮ ಮಗನೋ ಮಗಳೋ ಅಲ್ಲಿ ಮನೆ ಕೊಳ್ಳುವುದಾದರೆ ಫೋನಿನಲ್ಲಿ ಹೀಗೆ ಹೇಳಿ: ಸಹಿ ಹಾಕುವ ಮೊದಲು ಸಂಘದ ನಿಯಮ ತರಿಸಿ ಪೂರ್ತಿ ಓದಿ. ನೋಟಿಸು ಬಂದರೆ ಸಿಟ್ಟಿನಲ್ಲಿ ಹರಿದು ಹಾಕಬೇಡಿ. ಯಾವ ನಿಯಮ ಮುರಿದಿದ್ದೇವೆ ಎಂದು ಬರೆದು ಕೇಳಿ. ಉತ್ತರವನ್ನೂ ಬರಹದಲ್ಲೇ ಪಡೆಯಿರಿ. ತೋಟದ ಫೋಟೋ ತೆಗೆದು, ತಾರೀಕು ಹಾಕಿ ಇಟ್ಟುಕೊಳ್ಳಿ. ಅಂಚಿಗೆ ಸಾಲಾಗಿ ಕಲ್ಲು ಇಟ್ಟು, ಗಿಡದ ಹೆಸರಿನ ಸಣ್ಣ ಬೋರ್ಡು ಹಾಕಿದರೆ ಇನ್ನೂ ಒಳ್ಳೇದು. ಕಳೆ ಅಲ್ಲ, ಬೇಕೆಂದೇ ಬೆಳೆಸಿದ್ದು ಎಂದು ದಾರಿಯಲ್ಲಿ ಹೋಗುವವರಿಗೆ ಓದಿದ ಕೂಡಲೇ ಗೊತ್ತಾಗುತ್ತದೆ.