ಗಾಡಿ ಸದ್ದು ಮಾಡಿದರೆ ಮೊದಲು ಕೇಳಿ: ಯಾವಾಗ?

ಆದವಾನಿ ಸುತ್ತಮುತ್ತಲಿನ ಎರೆ ಹೊಲದ ದಾರಿ ಹೇಗಿರುತ್ತದೆ ಎಂಬುದು ನಿಮಗೆ ಗೊತ್ತೇ ಇದೆ. ಬೇಸಿಗೆಯಲ್ಲಿ ಬಿರುಕು ಬಿಟ್ಟು ಕಲ್ಲಿನಂತಾಗುವ ನೆಲ, ಒಂದು ಒಳ್ಳೆ ಮಳೆ ಬಿದ್ದರೆ ಚಪ್ಪಲಿಗೆ ಅಂಟಿ ಕಾಲೇ ಎತ್ತಗೊಡುವುದಿಲ್ಲ. ಎರಡು ಚಕ್ರ ಮಾತ್ರ ಎಳೆಯುವ ಗಾಡಿ ಅಲ್ಲಿ ಸಿಕ್ಕಿಬಿದ್ದರೆ ನಿಂತಲ್ಲೇ ಚಕ್ರ ತಿರುಗಿಸುತ್ತದೆ. ನಾಲ್ಕೂ ಚಕ್ರ ಎಳೆಯುವ ಗಾಡಿ ಹೇಗೋ ದಾಟಿಕೊಂಡು ಬರುತ್ತದೆ. 1941ರಲ್ಲಿ ಅಮೆರಿಕದ ಸೈನ್ಯಕ್ಕಾಗಿ ತಯಾರಾದ ವಿಲ್ಲೀಸ್ ಜೀಪು, 1947ರಲ್ಲಿ ಮಹೀಂದ್ರ ಕಂಪನಿಯ ಮೂಲಕ ನಮ್ಮ ದೇಶದ ರಸ್ತೆಗೆ ಬಂತು. 1985ರಲ್ಲಿ ಮಾರುತಿ ಜಿಪ್ಸಿ ಬಂತು. ಇಂಥ ಗಾಡಿಗಳಿಗೆ ವಯಸ್ಸಾದಂತೆ ಅಡಿಯಿಂದ ಸದ್ದು ಶುರುವಾಗುತ್ತದೆ: ಗುಂಯ್, ಕಟಕಟ, ಟಣ್, ಕೀಚ್ ಕೀಚ್.

"ಹಿಂದ್ಗಡೆ ಏನೋ ಗುಂಯ್ ಅಂತೈತಣ್ಣಾ" ಎಂದು ಡ್ರೈವರ್ ಹೇಳಿದ ಕೂಡಲೇ ಅನುಭವಿ ಮೆಕ್ಯಾನಿಕ್ ಸ್ಪ್ಯಾನರ್ ಎತ್ತಿಕೊಳ್ಳುವುದಿಲ್ಲ. "ಯಾವಾಗ ಅಂತೈತಪ್ಪಾ?" ಎಂದು ಕೇಳುತ್ತಾನೆ.

ಈ ಪ್ರಶ್ನೆಯಲ್ಲಿ ವಿಜ್ಞಾನವಿದೆ. ಗಾಳಿಯಲ್ಲಿ ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗಿದರೆ, ಉಕ್ಕಿನಲ್ಲಿ 5,000 ಮೀಟರಿಗೂ ಹೆಚ್ಚು ಸಾಗುತ್ತದೆ. ಒಂದು ಕಡೆಯ ಬೇರಿಂಗಿನ ಸದ್ದು ಚಾಸಿಯ ಮೂಲಕ ಹರಿದು ಇನ್ನೊಂದು ಕಡೆ ಕೇಳಿಸಬಹುದು. ಅಂದರೆ ‘ಎಲ್ಲಿ’ ಎಂಬುದರಲ್ಲಿ ಕಿವಿ ಮೋಸ ಹೋಗುತ್ತದೆ. ‘ಯಾವಾಗ’ ಎಂಬುದರಲ್ಲಿ ಅಷ್ಟು ಸುಲಭವಾಗಿ ಮೋಸ ಹೋಗುವುದಿಲ್ಲ. ಊಹೆ ತಪ್ಪಿದರೆ ಸರಿಯಿದ್ದ ಭಾಗವನ್ನೇ ಬದಲಿಸಿ ದುಡ್ಡು ಹೋಗುತ್ತದೆ, ಸದ್ದು ಹಾಗೇ ಉಳಿಯುತ್ತದೆ. ಸದ್ದನ್ನು ಅಲಕ್ಷ್ಯ ಮಾಡಿದರೆ ಇನ್ನೂ ಕೆಟ್ಟದ್ದು. ಹತ್ತಿ ಬಿಡಿಸಲು ಹೊರಟ ಕೂಲಿಯವರು ತುಂಬಿದ ಗಾಡಿಯಲ್ಲಿ ಚಕ್ರದ ಬೇರಿಂಗ್ ಒಡೆದರೆ ಪ್ರಾಣಕ್ಕೇ ಕುತ್ತು.

ಶಕ್ತಿ ಸಾಗುವ ದಾರಿ

ಎಂಜಿನ್ನಿನ ಶಕ್ತಿ ಕ್ಲಚ್ ದಾಟಿ ಗೇರ್‌ಬಾಕ್ಸಿಗೆ ಹೋಗುತ್ತದೆ. ಅಲ್ಲಿಂದ ಟ್ರಾನ್ಸ್‌ಫರ್ ಕೇಸ್. ಇದು ಶಕ್ತಿಯನ್ನು ಹಿಂದಕ್ಕೂ ಮುಂದಕ್ಕೂ ಹಂಚುವ ಪೆಟ್ಟಿಗೆ. ಅದರಿಂದ ಎರಡು ಉದ್ದನೆಯ ಪ್ರೊಪೆಲ್ಲರ್ ಶಾಫ್ಟುಗಳು ಹೊರಟು ಒಂದೊಂದು ಡಿಫರೆನ್ಷಿಯಲ್ ಸೇರುತ್ತವೆ. ಕೊನೆಗೆ ಚಕ್ರ. ಈ ಭಾಗಗಳೆಲ್ಲ ಒಂದೇ ವೇಗದಲ್ಲಿ ತಿರುಗುವುದಿಲ್ಲ. ನಮಗೆ ಸಿಗುವ ಸುಳಿವು ಇದೇ.

ಲೆಕ್ಕ ಮಾಡಿ ನೋಡೋಣ. ಗಾಡಿ ಗಂಟೆಗೆ 40 ಕಿ.ಮೀ. ವೇಗದಲ್ಲಿದೆ, ಅಂದರೆ ಸೆಕೆಂಡಿಗೆ ಸುಮಾರು 11 ಮೀಟರ್. ಚಕ್ರದ ಸುತ್ತಳತೆ 2.2 ಮೀಟರ್ ಇದ್ದರೆ ಚಕ್ರ ಸೆಕೆಂಡಿಗೆ 5 ಸುತ್ತು ತಿರುಗುತ್ತದೆ. ಡಿಫರೆನ್ಷಿಯಲ್ಲಿನ ದೊಡ್ಡ ಚಕ್ರ ಕ್ರೌನಿಗೆ 41 ಹಲ್ಲು, ಚಿಕ್ಕ ಪಿನಿಯನ್ನಿಗೆ 10 ಹಲ್ಲು ಎಂದಿಟ್ಟುಕೊಳ್ಳಿ. ಆಗ ಪ್ರೊಪೆಲ್ಲರ್ ಶಾಫ್ಟ್ ಸೆಕೆಂಡಿಗೆ 20.5 ಸುತ್ತು ತಿರುಗಬೇಕು. ಹಲ್ಲಿಗೆ ಹಲ್ಲು ಕೂಡುವುದು ಸೆಕೆಂಡಿಗೆ 5 × 41 = 205 ಸಲ. 205 ಹರ್ಟ್ಸ್ ಎಂದರೆ ಚೆನ್ನಾಗಿ ಕೇಳುವ, ಹಾಡಿನ ಶ್ರುತಿಯಂಥ ಒಂದು ಸ್ವರ. ಆದ್ದರಿಂದಲೇ ಸವೆದ ಕ್ರೌನ್-ಪಿನಿಯನ್ ‘ಹಾಡುತ್ತದೆ’. ಚಕ್ರದ ಸುತ್ತಿಗೊಮ್ಮೆ ಆಗುವ ಪೆಟ್ಟು ಮಾತ್ರ ಡಬ್ ಡಬ್ ಎಂದು ಬಿಡಿಬಿಡಿಯಾಗಿ ಕೇಳುತ್ತದೆ.

ಶಾಫ್ಟಿನ ತುದಿಯಲ್ಲಿ ‘ಕ್ರಾಸ್’ ಎಂದು ಕರೆಯುವ ಯೂನಿವರ್ಸಲ್ ಜಾಯಿಂಟ್ ಇರುತ್ತದೆ. ಜೀವಕೋಶವನ್ನು ಕಂಡು ಹೆಸರಿಟ್ಟ ರಾಬರ್ಟ್ ಹುಕ್ 17ನೇ ಶತಮಾನದಲ್ಲಿ ಇಂಥ ಜಾಯಿಂಟಿನ ಬಗ್ಗೆಯೂ ಬರೆದಿದ್ದ. ಶಾಫ್ಟುಗಳು ಓರೆಯಾಗಿ ಕೂಡಿದ್ದರೆ ಎರಡನೆಯದರ ವೇಗ ಪ್ರತಿ ಸುತ್ತಿನಲ್ಲಿ ಎರಡು ಸಲ ಏರಿ ಇಳಿಯುತ್ತದೆ. ಗ್ರೀಸ್ ಒಣಗಿದ ಕ್ರಾಸ್ ನಿಧಾನ ವೇಗದಲ್ಲಿ ಕೀಚ್ ಕೀಚ್ ಎನ್ನುತ್ತದೆ. ಪೂರ್ತಿ ಸವೆದರೆ ಗೇರ್ ಹಾಕಿ ಕ್ಲಚ್ ಬಿಟ್ಟಾಗ ಟಣ್ ಎಂದು ಬಡಿಯುತ್ತದೆ.

ಒಂದು ಸಲಕ್ಕೆ ಒಂದೇ ಬದಲಾವಣೆ

ಪ್ರಯೋಗಶಾಲೆಯ ನಿಯಮವೇ ಇಲ್ಲೂ ನಡೆಯುತ್ತದೆ: ಒಂದನ್ನು ಮಾತ್ರ ಬದಲಿಸು, ಉಳಿದದ್ದನ್ನು ಹಾಗೇ ಇಡು. ಈ ಪರೀಕ್ಷೆಗಳನ್ನು ಮಾಡಬೇಕಾದವರು ದೊಡ್ಡವರು, ಅದೂ ಖಾಲಿ ರಸ್ತೆಯಲ್ಲಿ.

ಮೊದಲನೆಯದು, ಗಾಡಿ ನಿಲ್ಲಿಸಿ ನ್ಯೂಟ್ರಲ್‌ನಲ್ಲಿ ಎಂಜಿನ್ ಓಡಿಸುವುದು. ಆಗಲೂ ಸದ್ದಿದ್ದರೆ ಚಕ್ರದ ಮೇಲೆ ಅನುಮಾನ ಬೇಡ. ಕ್ಲಚ್ ಒತ್ತಿದಾಗ ಸದ್ದು ನಿಂತರೆ ಗೇರ್‌ಬಾಕ್ಸ್ ಬೇರಿಂಗ್ ನೋಡಬೇಕು. ಒತ್ತಿದಾಗಲೇ ಬಂದರೆ ಕ್ಲಚ್ಚಿನ ರಿಲೀಸ್ ಬೇರಿಂಗ್.

ಎರಡನೆಯದು, 40ರ ವೇಗದಲ್ಲಿ ನ್ಯೂಟ್ರಲ್ ಮಾಡಿ ಗಾಡಿ ತಾನಾಗಿ ಸಾಗಲು ಬಿಡುವುದು. ಎಂಜಿನ್ ಮಾತ್ರ ಆರಿಸಬಾರದು, ಬ್ರೇಕಿಗೆ ಸಿಗುವ ನೆರವು ತಪ್ಪುತ್ತದೆ. ಸದ್ದು ಉಳಿದು, ವೇಗದ ಜೊತೆಗೇ ಇಳಿದರೆ ತಪ್ಪು ಶಾಫ್ಟು, ಡಿಫರೆನ್ಷಿಯಲ್, ಚಕ್ರ ಅಥವಾ ಟಯರಿನದು.

ಮೂರನೆಯದು, ವೇಗ ಅಷ್ಟೇ ಇರುವಾಗ ಆಕ್ಸಿಲರೇಟರ್ ಒತ್ತಿ, ಬಿಟ್ಟು ನೋಡುವುದು. ಒತ್ತಿದಾಗ ಗೇರ್ ಹಲ್ಲಿನ ಒಂದು ಮೈ ಭಾರ ಹೊರುತ್ತದೆ, ಬಿಟ್ಟಾಗ ಇನ್ನೊಂದು ಮೈ. ಹಾಗೆ ಮಾಡಿದಾಗ ಸ್ವರ ಬದಲಾದರೆ ಡಿಫರೆನ್ಷಿಯಲ್ ಕಡೆ ಬೆರಳು ತೋರಿಸಬಹುದು.

ನಾಲ್ಕನೆಯದು ತಿರುವು. ಎಡಕ್ಕೆ ತಿರುಗುವಾಗ ಭಾರ ಬಲಗಡೆಯ ಚಕ್ರಗಳ ಮೇಲೆ ಬೀಳುತ್ತದೆ. ಆಗ ಗುಂಯ್ ಹೆಚ್ಚಾದರೆ ಸಾಮಾನ್ಯವಾಗಿ ಬಲಗಡೆಯ ಬೇರಿಂಗ್ ಸವೆದಿರುತ್ತದೆ.

ಐದನೆಯದು, ಡಾಂಬರು ರಸ್ತೆಯಿಂದ ಸಿಮೆಂಟ್ ರಸ್ತೆಗೆ ಇಳಿಸಿ ನೋಡುವುದು. ರಸ್ತೆ ಬದಲಾದ ಕೂಡಲೇ ಸದ್ದೂ ಬದಲಾದರೆ ಅದು ಟಯರಿನ ಸದ್ದು. ಬೇರಿಂಗಿಗೆ ರಸ್ತೆಯ ಹಂಗಿಲ್ಲ.

ಕೆಟ್ಟಿಲ್ಲದಿದ್ದರೂ ಬರುವ ಸದ್ದು

ಹಳೇ ಜೀಪುಗಳಲ್ಲಿ ನಾಲ್ಕು ಚಕ್ರದ ಲಿವರ್ ಹಾಕಿದಾಗ ಮುಂದಿನ, ಹಿಂದಿನ ಶಾಫ್ಟುಗಳು ಒಂದೇ ವೇಗಕ್ಕೆ ಕಟ್ಟಿಬೀಳುತ್ತವೆ. ಮುಂದಿನ, ಹಿಂದಿನ ಚಕ್ರಗಳ ನಡುವೆ 2.4 ಮೀಟರ್ ಅಂತರವಿದ್ದು, ಹಿಂದಿನ ಆಕ್ಸಲ್ 6 ಮೀಟರ್ ತ್ರಿಜ್ಯದಲ್ಲಿ ಸುತ್ತಿದರೆ, ಪೈಥಾಗೊರಸ್ ಪ್ರಮೇಯದಂತೆ ಮುಂದಿನದು ಸುಮಾರು 6.46 ಮೀಟರ್ ತ್ರಿಜ್ಯದಲ್ಲಿ ಸುತ್ತುತ್ತದೆ. ಒಂದು ಪೂರ್ತಿ ಸುತ್ತಿಗೆ ಮುಂದಿನ ಚಕ್ರಗಳು ಸುಮಾರು 2.9 ಮೀಟರ್ ಹೆಚ್ಚು ದೂರ ಹೋಗಲೇಬೇಕು. ಕೆಸರಿನಲ್ಲಾದರೆ ಟಯರು ಜಾರಿ ಈ ವ್ಯತ್ಯಾಸ ತೀರಿಹೋಗುತ್ತದೆ. ಡಾಂಬರಿನ ಮೇಲೆ ಜಾರಲು ಆಗದೆ ಶಾಫ್ಟುಗಳು ತಿರುಚಿಕೊಂಡು ಬಿಗಿಯಾಗುತ್ತವೆ, ಸ್ಟೀರಿಂಗ್ ಭಾರವಾಗುತ್ತದೆ, ಅಡಿಯಲ್ಲಿ ಕಟ್ ಎನ್ನುತ್ತದೆ. ಇದಕ್ಕೆ ಮದ್ದು ಸ್ಪ್ಯಾನರ್ ಅಲ್ಲ. ಹೊಲ ದಾಟಿ ಸಿರುಗುಪ್ಪ ರಸ್ತೆಗೆ ಹತ್ತಿದ ಮೇಲೆ ಲಿವರ್ ತೆಗೆದರೆ ಸಾಕು. ಯಾವಾಗಲೂ ನಾಲ್ಕು ಚಕ್ರಕ್ಕೂ ಶಕ್ತಿ ಕೊಡುವ ಕಾರುಗಳಲ್ಲಿ ಈ ವ್ಯತ್ಯಾಸ ತೀರಿಸಲು ನಡುವೆಯೇ ಒಂದು ಡಿಫರೆನ್ಷಿಯಲ್ ಅಥವಾ ಅಂಥದೇ ಏರ್ಪಾಡು ಇರುತ್ತದೆ. ಅಂಥ ಗಾಡಿಗೆ ಮೂರು ಸವೆದ ಟಯರಿನ ಜೊತೆ ಒಂದು ಹೊಸದು ಹಾಕಿದರೆ ಆ ಭಾಗ ನೆಟ್ಟನೆಯ ರಸ್ತೆಯಲ್ಲೂ ಬಿಡುವಿಲ್ಲದೆ ದುಡಿದು ಬೇಗ ಸವೆಯುತ್ತದೆ.

ನೀವೇ ಮಾಡಿ ನೋಡಿ

ಗಾಡಿಯ ಅಡಿಗೆ ನುಸುಳಬೇಡಿ. ಸೈಕಲ್ ಸಾಕು. ನಿಮ್ಮ ಸೈಕಲ್ ಸದ್ದು ಮಾಡುತ್ತಿದ್ದರೆ ಪೆಡಲ್ ತುಳಿಯುವುದನ್ನು ನಿಲ್ಲಿಸಿ, ಅದು ತಾನಾಗಿ ಸಾಗಲಿ. ಸದ್ದು ನಿಂತರೆ ಪೆಡಲ್ ಅಥವಾ ಚೈನು, ಉಳಿದರೆ ಚಕ್ರ. ಈಗ ಮುಂದಿನ ಹಾಗೂ ಹಿಂದಿನ ಹಲ್ಲುಚಕ್ರಗಳ ಹಲ್ಲು ಎಣಿಸಿ. 44 ಮತ್ತು 18 ಇದ್ದರೆ, ಪೆಡಲಿನ ಒಂದು ಸುತ್ತಿಗೆ ಚಕ್ರ ಸುಮಾರು 2.4 ಸುತ್ತು ತಿರುಗುತ್ತದೆ. ಪೆಡಲಿನ ಸುತ್ತಿಗೆ ಒಂದೇ ಸಲ ‘ಟಕ್’ ಎಂದರೆ ಯಾವ ಭಾಗ, ಎರಡು ಮೂರು ಸಲ ಎಂದರೆ ಯಾವ ಭಾಗ? ಬಿಚ್ಚುವ ಮೊದಲು ಉತ್ತರ ಬರೆದಿಡಿ, ಬಿಚ್ಚಿದ ಮೇಲೆ ಹೋಲಿಸಿ ನೋಡಿ.